ಎರೆಮಣ್ಣಿನ ಊರಿನಲ್ಲಿ ಅಂಗಳದ ಸಂಪಿಗೆ

(ಧಾರವಾಡದಲ್ಲಿ ಮುಂಗಾರಿಗೆ ಮುನ್ನ, ಮನೆತೋಟದ ಆಸಕ್ತರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಹಿರಿಯರೆ, ಗೆಳೆಯರೆ,

ಇಂದಿನ ನನ್ನ ಮಾತಿಗೆ ಕಾರಣವಾದದ್ದು ಒಂದು ಚಿತ್ರ. ನಮ್ಮ ಓಣಿಯಲ್ಲಿ ಹೊಸದಾಗಿ ಮನೆ ಕಟ್ಟಿಸಿದ ದಂಪತಿಗಳು ಕೆಲವು ತಿಂಗಳ ಹಿಂದೆ ಮೊಬೈಲಿನಲ್ಲಿ ಅದನ್ನು ತಂದು ತೋರಿಸಿದರು. ಆಳೆತ್ತರಕ್ಕಿಂತ ತುಸು ಮಿಗಿಲಾದ ಗಿಡ. ಅದರಲ್ಲಿ ಒಂದೇ ಒಂದು ಎಲೆಯಿಲ್ಲ. ಬೋಳು ಕೊಂಬೆಗಳ ತುಂಬ ನಕ್ಷತ್ರದ ಆಕಾರದ ಬಿಳಿಯ ಹೂಗಳು. ‘ಕಾಕಾ, ಇಂಥಾದ್ದು ನಮ್ಮ ಅಂಗಳದಾಗ ಬೆಳೀತದೇನ್ರಿ?’ ಎಂದು ಆ ಮನೆಯಾಕೆ ಕೇಳಿದರು. ಬೆಳೆಯುವುದಿಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿ ಕಳುಹಿಸಬಹುದಾಗಿತ್ತು. ಆದರೆ ಅವರು ಕೇಳಿದ ಗಿಡದ ಒಡಹುಟ್ಟಾದ ಸಂಪಿಗೆ ನಮ್ಮ ಸೀಮೆಯಲ್ಲಿಯೇ ಇದೆ, ದೇವರ ಜಗಲಿಯ ಮೇಲೂ ಹೆಣ್ಣುಮಕ್ಕಳ ಮುಡಿಯಲ್ಲೂ ತಲೆತಲಾಂತರದಿಂದ ಇದೆ, ಮತ್ತು ಅದನ್ನು ಬೆಳೆಸುವ ರೀತಿಯಲ್ಲಿ ನಾವು ಎಲ್ಲರೂ ಒಂದು ದೊಡ್ಡ ತಪ್ಪು ಮಾಡುತ್ತ ಬಂದಿದ್ದೇವೆ. ಆ ತಪ್ಪನ್ನು ನಾನೂ ಮಾಡಿದ್ದೇನೆ. ಆದ್ದರಿಂದ ಇಂದು ತುಸು ವಿವರವಾಗಿ ಮಾತನಾಡಬೇಕೆನಿಸಿದೆ.

ಮೊದಲು ಚಿತ್ರದಲ್ಲಿದ್ದ ಗಿಡದ ವಿಚಾರ. ಅದು ಮ್ಯಾಗ್ನೋಲಿಯಾ ಸ್ಟೆಲ್ಲಾಟಾ, ನಮ್ಮ ಸಂಪಿಗೆಯೂ ಸೇರಿರುವ ಮ್ಯಾಗ್ನೋಲಿಯಾ ಕುಲದ ಗಿಡ. ಜಪಾನಿನ ಹೊನ್ಶು ದ್ವೀಪದಲ್ಲಿ, ಈಸೆ ಕೊಲ್ಲಿಯ ಸುತ್ತಲಿನ ತೇವದ ತಗ್ಗು ಜಾಗಗಳು ಅದರ ತವರು. ನಿಧಾನವಾಗಿ ಬೆಳೆದು ಹತ್ತರಿಂದ ಹದಿನೈದು ಅಡಿಗೆ ನಿಲ್ಲುವ ಗಿಡವಾದದ್ದರಿಂದ ಚಿಕ್ಕ ಅಂಗಳದವರಿಗೆ ಅದರ ಮೇಲೆ ಆಸೆ ಹೆಚ್ಚು. ಚಳಿಗಾಲಕ್ಕೆ ಮುಂಚೆಯೇ ಮೊಗ್ಗು ಕಟ್ಟಿ, ಆ ಮೊಗ್ಗಿನ ಮೇಲೆ ಬೂದುಬಣ್ಣದ ರೋಮದ ಹೊದಿಕೆ ಹೊದ್ದು, ಎಲೆ ಉದುರಿಸಿ ನಿದ್ದೆ ಹೋಗುತ್ತದೆ. ವಸಂತದ ಮೊದಲ ಬಿಸಿಲು ಬಿದ್ದಾಗ ಎಲೆಗಿಂತ ಮೊದಲು ಹೂ ಬಿಡುತ್ತದೆ. ಯುರೋಪು, ಅಮೆರಿಕಗಳ ಮನೆಯಂಗಳದಲ್ಲಿ ಇದಕ್ಕಿಂತ ಹೆಚ್ಚಾಗಿ ಕಾಣುವುದು ಮ್ಯಾಗ್ನೋಲಿಯಾ ಸೂಲಾಂಜಿಯಾನಾ ಎಂಬ ಮಿಶ್ರತಳಿ. ನೆಪೋಲಿಯನ್ನನ ಸೇನೆಯಲ್ಲಿದ್ದು ಬಂದ ಎತಿಯೆನ್ ಸೂಲಾಂಜ್-ಬೋದಾಂ ಎಂಬವರು 1820ರಲ್ಲಿ ಪ್ಯಾರಿಸ್ಸಿನ ಸಮೀಪದ ತಮ್ಮ ತೋಟದಲ್ಲಿ ಚೀನಾ ಮೂಲದ ಎರಡು ಮ್ಯಾಗ್ನೋಲಿಯಾಗಳನ್ನು ಕೂಡಿಸಿ ಅದನ್ನು ಪಡೆದರು. ಮುಂದೆ 1950ರ ದಶಕದಲ್ಲಿ ಅಮೆರಿಕದ ನ್ಯಾಷನಲ್ ಆರ್ಬೊರೇಟಮ್ ಎಂಬ ಸಸ್ಯತೋಟದವರು ಆ್ಯನ್, ಬೆಟ್ಟಿ, ಜೇನ್, ಸೂಸನ್ ಮುಂತಾದ ಹೆಸರುಗಳ ಎಂಟು ಗಿಡ್ಡ ತಳಿಗಳನ್ನು ರೂಪಿಸಿದರು. ಅವು ತುಸು ತಡವಾಗಿ ಹೂ ಬಿಡುವುದರಿಂದ ಅಲ್ಲಿನ ವಸಂತದ ಹಿಮಕ್ಕೆ ಸಿಕ್ಕಿ ಹೂ ಕರಕಲಾಗುವುದು ಕಡಿಮೆ.

ಎಲೆ ಉದುರಿಸುವ ಮ್ಯಾಗ್ನೋಲಿಯಾ ಎಂದರೆ ಹೊರದೇಶದ್ದು ಮಾತ್ರ ಎಂದು ತಿಳಿಯಬಾರದು. ಸಿಕ್ಕಿಂ, ಡಾರ್ಜಿಲಿಂಗ್, ಭೂತಾನಗಳ ಕಾಡುಗಳಲ್ಲಿ ಮ್ಯಾಗ್ನೋಲಿಯಾ ಕ್ಯಾಂಪ್‌ಬೆಲ್ಲಿ ಎಂಬ ದೊಡ್ಡ ಮರವಿದೆ. ಡಾರ್ಜಿಲಿಂಗಿನ ಅಧಿಕಾರಿಯಾಗಿದ್ದ ಆರ್ಚಿಬಾಲ್ಡ್ ಕ್ಯಾಂಪ್‌ಬೆಲ್ ಅವರ ಹೆಸರನ್ನು ಅದಕ್ಕೆ ಇಡಲಾಗಿದೆ. ಅದೂ ಎಲೆಯಿಲ್ಲದ ಕೊಂಬೆಗಳ ಮೇಲೆ ಗುಲಾಬಿ ಅಥವಾ ಬಿಳಿಯ ಹೂಗಳನ್ನು ಹೊತ್ತು ನಿಲ್ಲುತ್ತದೆ. ಬೀಜದಿಂದ ಬೆಳೆಸಿದರೆ ಮೊದಲ ಹೂವಿಗೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಕಾಯಬೇಕಾಗುತ್ತದೆ.

ಇವು ಧಾರವಾಡಕ್ಕೆ ಏಕೆ ಒಗ್ಗುವುದಿಲ್ಲ? ನಮ್ಮ ಊರು ಸಮುದ್ರಮಟ್ಟದಿಂದ 700 ಮೀಟರಿಗೂ ಮೇಲಿದೆ, ಇಲ್ಲಿ ಥಂಡಿ ಇದೆ ಎಂಬ ಹೆಮ್ಮೆ ನಮಗಿದೆ. ಆದರೆ ನಮ್ಮ ಪುಷ್ಯ ಮಾಸದ ಥಂಡಿ ಸಾಮಾನ್ಯವಾಗಿ ಬೆಳಗಿನ ಜಾವಕ್ಕೆ 13–14 ಡಿಗ್ರಿಯ ಆಸುಪಾಸಿನದು. ಮಧ್ಯಾಹ್ನಕ್ಕೆ ಮತ್ತೆ ಬಿಸಿಲು ಕಾಯುತ್ತದೆ. ಆ ಗಿಡಗಳ ಮೊಗ್ಗು ನಿದ್ದೆಯಿಂದ ಏಳಬೇಕಾದರೆ ವಾರಗಟ್ಟಲೆ ಅದಕ್ಕಿಂತ ಬಹಳ ಕೆಳಗಿನ ಚಳಿ ಬೇಕು. ಅಷ್ಟು ಚಳಿ ಸಿಗದ ಗಿಡ ಒಂದು ಕೊಂಬೆಯಲ್ಲಿ ಚಿಗುರುತ್ತ, ಇನ್ನೊಂದು ಕೊಂಬೆಯಲ್ಲಿ ಮಲಗಿದ್ದು, ಹೊತ್ತಲ್ಲದ ಹೊತ್ತಿನಲ್ಲಿ ಅರೆಬರೆ ಹೂ ಬಿಟ್ಟು ವರ್ಷದಿಂದ ವರ್ಷಕ್ಕೆ ಸೊರಗುತ್ತದೆ. ಅದರ ಮೇಲೆ ನಮ್ಮ ಏಪ್ರಿಲ್ ತಿಂಗಳ ಒಣಗಾಳಿ ಬೇರೆ. ಆದ್ದರಿಂದ ದುಡ್ಡು ಕೊಟ್ಟು ಅಂಥ ಗಿಡಗಳನ್ನು ದೂರದಿಂದ ತರಿಸಬೇಡಿರೆಂಬುದು ನನ್ನ ಸ್ಪಷ್ಟವಾದ ಸಲಹೆ.

ಇನ್ನು ನಮ್ಮ ಸಂಪಿಗೆ. ಇಂದು ಬರುವಾಗ ನಮ್ಮ ಮನೆಯ ಮರದಿಂದ ಒಂದು ಟೊಂಗೆ ತಂದಿದ್ದೇನೆ. ಇದನ್ನು ಸಾಲಿನಲ್ಲಿ ಕೈಯಿಂದ ಕೈಗೆ ದಾಟಿಸಿ, ಎಲೆ ಹುಟ್ಟಿದ ಗೆಣ್ಣನ್ನು ಬೆರಳಿನಿಂದ ಮುಟ್ಟಿ ನೋಡಿರಿ. ಎಳೆಯ ಟೊಂಗೆಯ ಸುತ್ತ ದಾರ ಕಟ್ಟಿ ಬಿಚ್ಚಿದಂತೆ ಒಂದು ಉಂಗುರದ ಗುರುತು ಸಿಗುತ್ತದೆ. ಸುಳಿಯ ಎಳೆ ಎಲೆಯನ್ನು ಒಂದು ತೆಳುವಾದ ಟೊಪ್ಪಿಗೆ ಮುಚ್ಚಿರುತ್ತದೆ. ಎಲೆ ಬಿಚ್ಚಿಕೊಂಡಾಗ ಆ ಟೊಪ್ಪಿಗೆ ಉದುರಿ, ಅದು ಅಂಟಿಕೊಂಡಿದ್ದ ಜಾಗದಲ್ಲಿ ಈ ಉಂಗುರ ಉಳಿಯುತ್ತದೆ. ಜಪಾನಿನ ಆ ನಕ್ಷತ್ರದ ಗಿಡದಲ್ಲೂ, ಡಾರ್ಜಿಲಿಂಗಿನ ಮರದಲ್ಲೂ ಇದೇ ಉಂಗುರವಿದೆ. ಮನೆತನದ ಗುರುತೆಂದರೆ ಇದು.

ಈಗ ಹೂವನ್ನು ಬಿಡಿಸೋಣ. ದಾಸವಾಳದಲ್ಲಿರುವಂತೆ ಹಸಿರು ಪುಷ್ಪಪಾತ್ರೆ ಬೇರೆ, ಬಣ್ಣದ ದಳ ಬೇರೆ ಎಂಬ ಭೇದ ಇದರಲ್ಲಿಲ್ಲ. ಹೊರಗಿನದರಿಂದ ಒಳಗಿನವರೆಗೆ ಒಂದೇ ಬಗೆಯ, ಸಾಮಾನ್ಯವಾಗಿ ಹನ್ನೆರಡರಿಂದ ಹದಿನೈದು ಎಸಳುಗಳು. ಅವನ್ನು ಕಿತ್ತ ಮೇಲೆ ನಡುವೆ ಒಂದು ಸಣ್ಣ ಕಂಬ ಉಳಿಯುತ್ತದೆ. ಕಂಬದ ಬುಡದಲ್ಲಿ ಕೇಸರಗಳು, ಮೇಲ್ತುದಿಯಲ್ಲಿ ಹಸಿರು ಅಂಡಕೋಶಗಳು, ಎರಡೂ ಸುರುಳಿ ಸುತ್ತಿದಂತೆ ಜೋಡಿಸಿಕೊಂಡಿವೆ. ಭೂಮಿಯ ಮೇಲಿನ ಹೂಗಳಲ್ಲಿ ಬಹಳ ಹಳೆಯ ವಿನ್ಯಾಸಗಳಲ್ಲಿ ಇದೂ ಒಂದು. ಈ ಕುಲದ ಹೂಗಳಿಗೆ ಪರಾಗ ಹೊತ್ತು ತರುವವು ಮುಖ್ಯವಾಗಿ ಗಟ್ಟಿ ರೆಕ್ಕೆಗಳ ಸಣ್ಣ ಜೀರುಂಡೆ ಜಾತಿಯ ಕೀಟಗಳೇ ಹೊರತು ದುಂಬಿಗಳಲ್ಲ. ಕಚ್ಚಿ ಜಗಿಯುವ ಆ ಕೀಟಗಳನ್ನು ತಾಳಿಕೊಳ್ಳಲೆಂದೇ ಒಳಗಿನ ಅಂಗಗಳು ಇಷ್ಟು ದಪ್ಪವಾಗಿ, ಗಡುಸಾಗಿ ಇವೆ. ದುಂಬಿ ಸಂಪಿಗೆಗೆ ಎರಗುವುದಿಲ್ಲ ಎಂಬುದು ನಮ್ಮ ಕಾವ್ಯಗಳಲ್ಲಿ ಬಹಳ ಹಳೆಯ ಕವಿಸಮಯ. ಇಷ್ಟು ಕಂಪಿದ್ದರೂ ದುಂಬಿ ಏಕೆ ಬಾರದು ಎಂದು ಕವಿಗಳು ಮರುಗಿದ್ದಾರೆ. ದುಂಬಿಯನ್ನು ಕರೆದು ಕೂರಿಸುವಂಥ ಜೇನಿನ ಬಟ್ಟಲು ಈ ಹೂವಿನಲ್ಲಿಲ್ಲ ಎಂಬುದನ್ನು ನೋಡಿದರೆ, ಆ ಮಾತು ಬರಿಯ ಕಲ್ಪನೆಯಲ್ಲ, ಗಿಡದ ಬುಡದಲ್ಲಿ ನಿಂತು ನೋಡಿದವರು ಆಡಿದ ಮಾತು ಎಂದು ನಾನು ನಂಬುತ್ತೇನೆ. ಸಾಲಿಗೆ ಇಪ್ಪತ್ತೊಂದು ಅಕ್ಷರಗಳ ವೃತ್ತಕ್ಕೆ ಚಂಪಕಮಾಲೆ ಎಂದೂ, ನೀಳವಾದ ಮೂಗಿಗೆ ಸಂಪಿಗೆಯ ಮೂಗು ಎಂದೂ ಹೆಸರಿಟ್ಟ ಜನಕ್ಕೆ ಈ ಹೂ ಎಷ್ಟು ಹತ್ತಿರದ್ದಾಗಿತ್ತೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹೆಸರಿನ ವಿಚಾರದಲ್ಲಿ ಸ್ವಲ್ಪ ಗೊಂದಲವಿದೆ. ಹಳೆಯ ಪುಸ್ತಕಗಳಲ್ಲಿ ಸಂಪಿಗೆಯ ಶಾಸ್ತ್ರೀಯ ಹೆಸರು ಮೈಕೀಲಿಯಾ ಚಂಪಕ ಎಂದಿದೆ. ಅದು ಫ್ಲಾರೆನ್ಸಿನ ಸಸ್ಯಶಾಸ್ತ್ರಜ್ಞ ಮಿಕೇಲಿಯ ನೆನಪಿನ ಹೆಸರು. ಸಂಪಿಗೆ ಎಲೆಯ ಕಂಕುಳಲ್ಲಿ ಹೂ ಬಿಡುತ್ತದೆ, ಉಳಿದ ಮ್ಯಾಗ್ನೋಲಿಯಾಗಳು ಟೊಂಗೆಯ ತುದಿಯಲ್ಲಿ ಬಿಡುತ್ತವೆ ಎಂಬ ಕಾರಣದಿಂದ ಎರಡನ್ನೂ ಬೇರೆ ಬೇರೆ ಇಟ್ಟಿದ್ದರು. ವಂಶವಾಹಿಗಳ ಅಧ್ಯಯನ ಬಂದ ಮೇಲೆ ಆ ಗೋಡೆ ನಿಲ್ಲಲಿಲ್ಲ. ಈಗ ಸಂಪಿಗೆ ಮ್ಯಾಗ್ನೋಲಿಯಾ ಚಂಪಕವೇ. ಆದರೆ ಸಂಪಿಗೆ ಎಂಬ ಹೆಸರು ಅಂಟಿಕೊಂಡದ್ದೆಲ್ಲ ಸಂಪಿಗೆಯಲ್ಲ. ನಾಗಸಂಪಿಗೆ ಬೇರೆ ಕುಟುಂಬದ್ದು, ನೆಲಸಂಪಿಗೆ ಶುಂಠಿಯ ಬಳಗದ್ದು, ಹಾಲುಸಂಪಿಗೆ ಎಂದು ಕೆಲವರು ಕರೆಯುವ ದೇವಕಣಗಿಲೆ ಕಣಗಿಲೆಯ ಬಳಗದ್ದು. ನಿಜವಾದ ದೂರದ ನೆಂಟರೆಂದರೆ ಸೀತಾಫಲ, ಕಂಪೌಂಡಿನ ಸಾಲಿಗೆ ಹಚ್ಚುವ ಎತ್ತರದ ಅಶೋಕ, ಮತ್ತು ಅಡುಗೆಯ ಜಾಯಿಕಾಯಿ.

ಈ ನೆಂಟಸ್ತನವನ್ನು ಒಂದು ಚಿಟ್ಟೆ ನಮಗಿಂತ ಚೆನ್ನಾಗಿ ಬಲ್ಲದು. ಕರಿಯ ರೆಕ್ಕೆಯ ಮೇಲೆ ಎಳೆ ಹಸಿರಿನ ಚುಕ್ಕೆಗಳಿರುವ, ಒಂದು ಕ್ಷಣವೂ ಕೂರದೆ ಹಾರಾಡುವ ಟೇಲ್ಡ್ ಜೇ ಎಂಬ ಚಿಟ್ಟೆಯನ್ನು ನೀವು ಮಳೆಗಾಲದಲ್ಲಿ ಕಂಡಿರಬಹುದು. ಅದು ಮೊಟ್ಟೆ ಇಡುವುದು ಅಶೋಕದ ಎಲೆಯ ಮೇಲೆ, ಸೀತಾಫಲದ ಎಲೆಯ ಮೇಲೆ, ಸಂಪಿಗೆಯ ಎಲೆಯ ಮೇಲೆ. ಸಂಪಿಗೆಯ ಚಿಗುರೆಲೆಯ ಅಂಚು ಕಡಿದುಹೋಗಿದ್ದನ್ನು ಕಂಡರೆ ಔಷಧದ ಪಂಪು ಹುಡುಕಬೇಡಿರಿ. ನಾಲ್ಕಾರು ಎಲೆ ಹೋದರೆ ಮರಕ್ಕೆ ಏನೂ ಆಗುವುದಿಲ್ಲ.

ಮಣ್ಣಿನ ವಿಷಯಕ್ಕೆ ಬರುತ್ತೇನೆ. ನಾನು ಹೇಳಬೇಕೆಂದು ಬಂದ ಮುಖ್ಯ ಮಾತು ಇಲ್ಲಿಯೇ ಇದೆ.

ಸುಮಾರು ಮೂವತ್ತು ವರ್ಷಗಳ ಹಿಂದೆ ನಾವು ಹುಬ್ಬಳ್ಳಿಯಲ್ಲಿ ಬಾಡಿಗೆ ಮನೆ ಬಿಟ್ಟು ಸ್ವಂತದ ಸಣ್ಣ ಮನೆಗೆ ಬಂದೆವು. ಅವ್ವನ ಆಸೆಯಂತೆ ಅಂಗಳದ ಮೂಲೆಯಲ್ಲಿ ಒಂದು ಕೆಂಡಸಂಪಿಗೆ ಹಚ್ಚಬೇಕೆಂದು ಮೂರು ಅಡಿ ಉದ್ದ, ಮೂರು ಅಡಿ ಅಗಲ, ಮೂರು ಅಡಿ ಆಳದ ಗುಂಡಿ ತೆಗೆಸಿದೆ. ಗಿಡ ಯಾವುದೇ ಇರಲಿ, ಎಲ್ಲರೂ ಹೇಳುವ ಲೆಕ್ಕ ಅದೇ. ಅಪ್ಪಟ ಎರೆಮಣ್ಣಿನ, ಎಂದರೆ ಕಪ್ಪು ಜೇಡಿಮಣ್ಣಿನ ಜಾಗ. ಗುಂಡಿಗೆ ಕೆಂಪು ಮಣ್ಣು, ತಿಪ್ಪೆಗೊಬ್ಬರ ತುಂಬಿಸಿ ಸಸಿ ನೆಟ್ಟೆ. ಆಷಾಢದ ಜಿಟಿಜಿಟಿ ಮಳೆ ಹಿಡಿದ ಮೇಲೆ ಎಲೆಗಳು ಜೋತುಬಿದ್ದವು. ಮೇಲ್ಮಣ್ಣು ಗಾಳಿಗೆ ಆರಿದ್ದನ್ನು ಕಂಡು ನೀರು ಸಾಲದೆಂದು ತಿಳಿದು ಮತ್ತೆ ಒಂದು ಕೊಡ ನೀರು ಹಾಕಿದೆ. ಗಣೇಶ ಚೌತಿಯ ಹೊತ್ತಿಗೆ ಗಿಡ ಸತ್ತಿತ್ತು. ಕಿತ್ತು ನೋಡಿದಾಗ ಗುಂಡಿಯ ತಳದಲ್ಲಿ ಒಂದು ಮೊಳ ನೀರು ನಿಂತಿತ್ತು. ಬೇರನ್ನು ಹಿಡಿದು ಎಳೆದರೆ ಅದರ ಸಿಪ್ಪೆ ಕಾಲುಚೀಲದಂತೆ ಜಾರಿ ನನ್ನ ಬೆರಳಿನಲ್ಲಿ ಉಳಿಯಿತು, ಒಳಗಿನ ನಾರು ಮಣ್ಣಿನಲ್ಲಿ ಉಳಿಯಿತು. ಹುಳಿತ ಹಿಟ್ಟಿನಂಥ ಆ ವಾಸನೆ ಇಂದಿಗೂ ನೆನಪಿದೆ. ಅವ್ವ ಏನೂ ಅನ್ನಲಿಲ್ಲ.

ಆದದ್ದೇನು? ಎರೆಮಣ್ಣು ಒದ್ದೆಯಾದಾಗ ಉಬ್ಬುತ್ತದೆ, ಅದರ ಸಂದುಗಳೆಲ್ಲ ಮುಚ್ಚಿಹೋಗಿ ನೀರು ಇಂಗುವುದು ನಿಂತೇಹೋಗುತ್ತದೆ. ಅಂಥ ಮಣ್ಣಿನಲ್ಲಿ ತೋಡಿದ ಗುಂಡಿಗೆ ಸಡಿಲ ಮಣ್ಣು ತುಂಬಿಸಿದರೆ, ಸುತ್ತಲಿನ ನೀರೆಲ್ಲ ಹರಿದು ಅಲ್ಲಿಗೇ ಬಂದು ನಿಲ್ಲುತ್ತದೆ. ನಾವು ಗಿಡಕ್ಕೆ ಮನೆ ಕಟ್ಟಿಕೊಟ್ಟೆವೆಂದು ತಿಳಿಯುತ್ತೇವೆ, ಕಟ್ಟಿಕೊಟ್ಟದ್ದು ನೀರಿನ ತೊಟ್ಟಿ. ಸಂಪಿಗೆಯೂ ಸೇರಿದಂತೆ ಮ್ಯಾಗ್ನೋಲಿಯಾ ಕುಲದ ಬೇರುಗಳು ದಪ್ಪ, ಮಾಂಸಲ. ಜಾಲಿ ಬೇವುಗಳ ಬೇರಿನಂತೆ ಕಷ್ಟ ಸಹಿಸುವವಲ್ಲ. ಗಾಳಿಯಿಲ್ಲದೆ ಕೆಲವು ದಿನ ನೀರಿನಲ್ಲಿ ನಿಂತರೆ ಕೊಳೆಯುತ್ತವೆ. ಒಂದು ವೇಳೆ ಮಳೆಗಾಲವನ್ನು ದಾಟಿದವೆನ್ನಿ, ಬೇಸಿಗೆಯಲ್ಲಿ ಅದೇ ಎರೆಮಣ್ಣು ಕೈ ಹೋಗುವಷ್ಟು ಅಗಲಕ್ಕೆ ಬಿರುಕು ಬಿಟ್ಟು, ಹರಡಿದ ಬೇರುಗಳನ್ನು ಹರಿಯುತ್ತದೆ.

ಆದ್ದರಿಂದ ಹುಬ್ಬಳ್ಳಿ, ನವಲಗುಂದ, ಅಣ್ಣಿಗೇರಿ, ಗದಗ, ರೋಣದ ಕಡೆಯ ಎರೆಮಣ್ಣಿನ ಅಂಗಳದವರು ಸಂಪಿಗೆಗೆ ಗುಂಡಿ ತೋಡಬಾರದು, ದಿಬ್ಬ ಕಟ್ಟಬೇಕು. ನೆಲವನ್ನು ಒಂದು ಗೇಣು ಆಳಕ್ಕೆ ಸಲಿಕೆಯಿಂದ ಸಡಿಲಿಸಿ, ಅದರ ಮೇಲೆ ಎರಡು ಅಡಿ ಎತ್ತರಕ್ಕೆ, ಆರೇಳು ಅಡಿ ಅಗಲಕ್ಕೆ ಹೊಸ ಮಣ್ಣನ್ನು ಏರಿಸಬೇಕು. ಎರಡು ಪಾಲು ಕೆಂಪು ಮಸಾರಿ ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಅಥವಾ ಎಲೆಗೊಬ್ಬರ, ಅರ್ಧ ಪಾಲು ದಪ್ಪ ಮರಳು ಸಾಕು. ಸುತ್ತ ಕಲ್ಲಿನ ಒಡ್ಡು ಕಟ್ಟುವುದಾದರೆ ಗಿಲಾವು ಹಾಕದೆ ಒಣ ಕಲ್ಲನ್ನೇ ಜೋಡಿಸಬೇಕು. ಸಂದಿಯಿಂದ ನೀರು ಹೊರಗೆ ಹೋಗಬೇಕು. ದಿಬ್ಬದ ಮೇಲೆ ಬೇರೂರಿದ ಗಿಡ ಕೆಳಗಿನ ಎರೆಮಣ್ಣಿಗೆ ತನಗೆ ಬೇಕಾದಾಗ, ತಾಳಿಕೆಯಿದ್ದಷ್ಟು ಇಳಿದುಕೊಳ್ಳುತ್ತದೆ. ಆಗ ಎರೆಮಣ್ಣು ಬೇಸಿಗೆಯಲ್ಲಿ ತೇವ ಹಿಡಿದಿಟ್ಟು ಉಪಕಾರವನ್ನೇ ಮಾಡುತ್ತದೆ. ಧಾರವಾಡದ ಪಶ್ಚಿಮಕ್ಕೆ, ಕಲಘಟಗಿ, ಅಳ್ನಾವರದ ಕಡೆಗೆ, ಹಾಗೆಯೇ ಹಾವೇರಿ ಜಿಲ್ಲೆಯ ಹಾನಗಲ್ಲಿನ ಕಡೆಗೆ ಕೆಂಪು ಮಣ್ಣಿನಲ್ಲಿರುವವರಿಗೆ ಈ ಕಷ್ಟವಿಲ್ಲ. ಅವರು ಎರಡು ಅಡಿಯ ಗುಂಡಿ ತೋಡಿ ನೆಡಬಹುದು.

ಎರಡನೆಯ ತೊಂದರೆ ಸುಣ್ಣ. ಸಂಪಿಗೆ ತುಸು ಹುಳಿಗುಣದ ಮಣ್ಣನ್ನು ಬಯಸುತ್ತದೆ. ನಮ್ಮ ಎರೆಮಣ್ಣು ಕ್ಷಾರದ ಕಡೆಗೆ ವಾಲಿದ್ದು, ಅನೇಕ ಕಡೆ ಅದರಲ್ಲಿ ಬಿಳಿಯ ಸುಣ್ಣದ ಹರಳುಗಳೇ ಇರುತ್ತವೆ. ನಿಮ್ಮ ಅಂಗಳದ ಒಣ ಮಣ್ಣಿನ ಒಂದು ಹಿಡಿಯ ಮೇಲೆ ನಿಂಬೆರಸ ಹಿಂಡಿ ನೋಡಿರಿ. ಬುರುಗು ಎದ್ದರೆ ಸುಣ್ಣ ಹೆಚ್ಚಿದೆ ಎಂದೇ ಅರ್ಥ. ಸುಣ್ಣದ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಅದು ಬೇರಿಗೆ ಸಿಗುವುದಿಲ್ಲ. ಆಗ ಎಳೆಯ ಎಲೆಗಳು ಹಳದಿಗೆ ತಿರುಗಿ ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಇದನ್ನು ಕಂಡು ಜನ ಯೂರಿಯಾ ಹಾಕುತ್ತಾರೆ, ಅದರಿಂದ ಪ್ರಯೋಜನವಿಲ್ಲ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಎಂಬ ಕಬ್ಬಿಣದ ಲವಣವನ್ನು ಒಂದೆರಡು ಗ್ರಾಂ ಸಿಟ್ರಿಕ್ ಆಮ್ಲದೊಡನೆ ಕರಗಿಸಿ, ಬಿಸಿಲಿಳಿದ ಮೇಲೆ ಎಲೆಗಳ ಮೇಲೆ ಸಿಂಪಡಿಸಿದರೆ ಕೆಲವು ವಾರಗಳಲ್ಲಿ ಬಣ್ಣ ತಿರುಗುತ್ತದೆ. ಆದರೆ ಇದು ತಾತ್ಕಾಲಿಕ ಉಪಾಯ. ವರ್ಷಕ್ಕೆರಡು ಸಲ ಬುಡಕ್ಕೆ ಎಲೆಗೊಬ್ಬರ ಕೊಡುತ್ತ ಹೋಗುವುದೇ ನಿಜವಾದ ಪರಿಹಾರ.

ಹೊಸ ಮನೆಯವರು ಇಲ್ಲಿ ಇನ್ನೊಂದು ಮಾತನ್ನು ಲಕ್ಷ್ಯದಲ್ಲಿಡಬೇಕು. ಮನೆ ಕಟ್ಟುವಾಗ ಉಳಿದ ಸಿಮೆಂಟು, ಗಿಲಾವಿನ ಚೂರು, ಇಟ್ಟಿಗೆಯ ಪುಡಿಗಳನ್ನು ಗೌಂಡಿಗಳು ಅಂಗಳದಲ್ಲಿಯೇ ಹುಗಿದು ಮೇಲೆ ಮಣ್ಣು ಎಳೆದಿರುತ್ತಾರೆ. ಅದೂ ಸುಣ್ಣವೇ. ನಾನು ಆರಂಭದಲ್ಲಿ ಹೇಳಿದ ದಂಪತಿಗಳ ಅಂಗಳವನ್ನು ಒಂದು ಅಡಿ ಅಗೆಸಿದಾಗ ಮೂರು ಪುಟ್ಟಿ ಗಿಲಾವಿನ ಹೆಂಟೆಗಳು ಹೊರಬಂದವು.

ನೀರಿನ ವಿಷಯವೂ ಇದಕ್ಕೆ ಕೂಡಿಕೊಂಡಿದೆ. ಗಡಸಾದ ಬೋರ್‌ವೆಲ್ ನೀರನ್ನು ದಿನವೂ ಹಾಕಿದರೆ ದಿಬ್ಬದ ಒಳ್ಳೆಯ ಮಣ್ಣೂ ನಾಲ್ಕೈದು ವರ್ಷಗಳಲ್ಲಿ ಸುಣ್ಣ ಹಿಡಿಯುತ್ತದೆ. ನಳದ ನೀರು ನಮಗೆ ಕುಡಿಯಲಿಕ್ಕೇ ದಿನಗಳನ್ನು ಎಣಿಸಿ ಬರುತ್ತದೆ, ಗಿಡಕ್ಕೆಲ್ಲಿಂದ ತರೋಣ ಎಂಬ ನಿಮ್ಮ ಸಂಕಟ ನನಗೆ ತಿಳಿದಿದೆ. ಮಾಳಿಗೆಯ ಮಳೆನೀರನ್ನು ಒಂದು ಸಿಂಟೆಕ್ಸಿಗೆ ತುಂಬಿಸಿಕೊಂಡರೆ ಶಿವರಾತ್ರಿಯ ನಂತರದ ಬಿಸಿಲಿನಲ್ಲಿ ಕೆಲವು ವಾರ ಗಿಡದ ಜೀವ ಉಳಿಯುತ್ತದೆ. ಮೊದಲ ಎರಡು ಬೇಸಿಗೆ ಮೂರು ನಾಲ್ಕು ದಿನಕ್ಕೊಮ್ಮೆ ಎರಡು ಕೊಡ ನೀರು ಬೇಕೇ ಬೇಕು. ಬುಡದ ಸುತ್ತ ಒಣ ಎಲೆ ಅಥವಾ ಭತ್ತದ ಹೊಟ್ಟನ್ನು ನಾಲ್ಕು ಬೆರಳು ದಪ್ಪ ಹರಡಿ, ಕಾಂಡಕ್ಕೆ ಮಾತ್ರ ಮುಟ್ಟದಂತೆ ಒಂದು ಗೇಣು ಬಿಟ್ಟರೆ ನೀರಿನ ಖರ್ಚು ಬಹಳ ಇಳಿಯುತ್ತದೆ, ಬೇರೂ ತಂಪಾಗಿರುತ್ತದೆ. ಒಮ್ಮೆ ನೆಟ್ಟ ಮೇಲೆ ಬುಡದ ಸುತ್ತ ಗುದ್ದಲಿ ಆಡಿಸಬಾರದು. ಮೇಲ್ಮಣ್ಣಿನಲ್ಲಿಯೇ ಹರಡುವ ಆ ಮೃದು ಬೇರುಗಳು ಕಡಿದರೆ ಬೇಗ ಮಾಯುವುದಿಲ್ಲ. ಕಳೆಯನ್ನು ಕೈಯಿಂದಲೇ ಕೀಳಬೇಕು.

ಸಸಿಯನ್ನು ಆರಿಸುವುದರಲ್ಲಿಯೂ ನಾನು ಮೋಸ ಹೋಗಿದ್ದೇನೆ. ಧಾರವಾಡಕ್ಕೆ ಬಂದ ಮೇಲೆ ನೆಟ್ಟ ಎರಡನೆಯ ಗಿಡವನ್ನು ಕಸಿ ಗಿಡವೆಂದು ಹೇಳಿ ಮಾರಿದ್ದರು. ಒಂಬತ್ತನೆಯ ವರ್ಷಕ್ಕೆ ಅದು ಮೊದಲ ಹೂ ಬಿಟ್ಟಾಗ ಅದು ಬೀಜದ ಗಿಡವೆಂದು ಖಾತ್ರಿಯಾಯಿತು. ಕಸಿ ಗಿಡವಾದರೆ ಎರಡು ಮೂರು ವರ್ಷಗಳಲ್ಲಿ ಹೂ ಕಾಣಬೇಕು. ಮಣ್ಣಿನಿಂದ ಒಂದು ಗೇಣು ಮೇಲೆ ಕಾಂಡ ತುಸು ಸೊಟ್ಟಗಾಗಿ, ಮೇಲಿನ ತೊಗಟೆಗೂ ಕೆಳಗಿನ ತೊಗಟೆಗೂ ಬಣ್ಣದಲ್ಲಿ ವ್ಯತ್ಯಾಸವಿರುವ ಗಂಟು ಇದೆಯೇ ಎಂದು ಕಣ್ಣಾರೆ ನೋಡದೆ ದುಡ್ಡು ಕೊಡಬೇಡಿರಿ. ಆ ಗಂಟಿನ ಕೆಳಗಿನಿಂದ ಚಿಗುರು ಬಂದರೆ ಉಗುರಿನಿಂದಲೇ ಚಿವುಟಿಹಾಕಬೇಕು, ಇಲ್ಲವಾದರೆ ಬೇರಿನ ಗಿಡವೇ ಮೇಲುಗೈ ಪಡೆಯುತ್ತದೆ. ಬಿಳಿ ಸಂಪಿಗೆ ಬಹುಮಟ್ಟಿಗೆ ಬೀಜ ಕಟ್ಟದ ಮಿಶ್ರತಳಿಯಾದದ್ದರಿಂದ ಅದು ಸಾಮಾನ್ಯವಾಗಿ ಕಸಿಯಾಗಿ ಅಥವಾ ಗೂಟಿಯಾಗಿಯೇ (ಮರದ ಮೇಲೆಯೇ ಕೊಂಬೆಗೆ ಬೇರು ಬರಿಸಿದ ಸಸಿಯಾಗಿ) ಸಿಗುತ್ತದೆ. ಆ ಮಟ್ಟಿಗೆ ಮೋಸ ಕಡಿಮೆ. ನರ್ಸರಿಯಲ್ಲಿ ಬರಿದೆ ಮ್ಯಾಗ್ನೋಲಿಯಾ ಎಂದು ಕೇಳಿದರೆ ಹಲವು ಸಲ ಕೊಡುವುದು ಮ್ಯಾಗ್ನೋಲಿಯಾ ಗ್ರ್ಯಾಂಡಿಫ್ಲೋರಾ. ಎಲೆಯ ಮೇಲ್ಮೈ ಹೊಳಪು, ಕೆಳಮೈ ತುಕ್ಕಿನ ಬಣ್ಣ. ಅಂಗೈ ತುಂಬುವ ಬಿಳಿಯ ಹೂ. ಅದು ನಿತ್ಯಹಸಿರಿನ ಮರ, ಬಹಳ ನಿಧಾನ.

ಇಷ್ಟೆಲ್ಲ ಮಾಡಿದರೂ ಸಂಪಿಗೆ ಚಿಕ್ಕ ಗಿಡವಲ್ಲ ಎಂಬುದನ್ನು ಮುಚ್ಚಿಡಲಾರೆ. ಕಾಡಿನಲ್ಲಿ ಅದು ನೂರು ಅಡಿಗೆ ಏರುವ ಮರ. 30 ಅಡಿ ಅಗಲ, 40 ಅಡಿ ಉದ್ದದ ಸೈಟಿನವರು ಅದನ್ನು ಅಂಕೆಯಲ್ಲಿಡಬೇಕಾದರೆ ಎಳೆತನದಲ್ಲಿಯೇ ಕೆಲಸ ಆರಂಭವಾಗಬೇಕು. ಗಿಡ ಆರೇಳು ಅಡಿಯಾದಾಗ ನಡುವಿನ ಸುಳಿಯನ್ನು ಕತ್ತರಿಸಿ, ನಾಲ್ಕೈದು ಪಕ್ಕದ ಕೊಂಬೆಗಳನ್ನು ಉಳಿಸಿಕೊಳ್ಳಬೇಕು. ಮುಂದೆ ಪ್ರತಿವರ್ಷ ಮಳೆಗಾಲದ ಹೂ ಮುಗಿದ ಮೇಲೆ, ದೀಪಾವಳಿಯ ಆಸುಪಾಸಿನಲ್ಲಿ, ಬೆರಳು ಗಾತ್ರಕ್ಕಿಂತ ದಪ್ಪವಲ್ಲದ ಟೊಂಗೆಗಳನ್ನು ಮಾತ್ರ ಸವರಬೇಕು. ಹತ್ತು ವರ್ಷ ಸುಮ್ಮನಿದ್ದು ಒಮ್ಮೆಲೇ ತೊಡೆ ಗಾತ್ರದ ಕೊಂಬೆ ಕಡಿದರೆ ಆ ಗಾಯ ಮಾಯುವುದು ಬಹಳ ನಿಧಾನ, ಅಲ್ಲಿಂದ ಕೊಳೆ ಒಳಗೆ ಇಳಿಯುತ್ತದೆ. ಹೀಗೆ ಸಾಕಿದ ನನ್ನ ಮರ ಹದಿನೈದು ಅಡಿಯಲ್ಲಿ ನಿಂತಿದೆ. ಹೂ ಕೊಯ್ಯಲು ಸಣ್ಣ ನಿಚ್ಚಣಿಕೆ ಸಾಕು. ಸಂಪಿಗೆಯ ಕೊಂಬೆ ಪೆಡಸು, ಬಾಗುವುದಿಲ್ಲ, ಮುರಿಯುತ್ತದೆ. ಹೂವಿಗಾಗಿ ಹುಡುಗರನ್ನು ಮರಕ್ಕೆ ಹತ್ತಿಸಬೇಡಿರೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಅದೇ ಕಾರಣಕ್ಕೆ ಕರೆಂಟಿನ ತಂತಿಯ ಕೆಳಗೂ, ಗೋಡೆಯಿಂದ ಹತ್ತು ಹನ್ನೆರಡು ಅಡಿಯ ಒಳಗೂ ಅದನ್ನು ನೆಡಬಾರದು. ಬೆಳಗಿನ ಬಿಸಿಲು ಬಿದ್ದು ಪಡುವಣದ ಉರಿಬಿಸಿಲಿಗೆ ಮನೆಯ ನೆರಳು ಸಿಗುವ ಮೂಡಣ ದಿಕ್ಕು ನಮ್ಮ ಸೀಮೆಗೆ ಅತ್ಯುತ್ತಮ.

ಕೀಟಗಳಲ್ಲಿ ನಿಜವಾದ ಶತ್ರು ಒಂದೇ, ಟೊಂಗೆಗೆ ಅಂಟಿ ರಸ ಹೀರುವ ಶಲ್ಕ ಕೀಟ. ಎಲೆಯ ಮೇಲೆ ಕಾಡಿಗೆ ಬಳಿದಂತೆ ಕಪ್ಪು ಬೂಷ್ಟು ಕಂಡರೆ, ಇರುವೆಗಳು ಸಾಲುಗಟ್ಟಿ ಮೇಲೇರುತ್ತಿದ್ದರೆ, ಟೊಂಗೆಯನ್ನು ಉಗುರಿನಿಂದ ಕೆರೆದು ನೋಡಬೇಕು. ಆರಂಭದಲ್ಲಿ ಸಾಬೂನಿನ ನೀರಿನಲ್ಲಿ ನೆನೆಸಿದ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಬೇವಿನ ಎಣ್ಣೆ ಸಿಂಪಡಿಸಿದರೆ ಹತೋಟಿಗೆ ಬರುತ್ತದೆ.

ಆದರೂ ಆ ದಂಪತಿಗಳ ಆಸೆ ಇದ್ದದ್ದು ಎಲೆಯಿಲ್ಲದ ಕೊಂಬೆಯ ಹೂವಿನ ಮೇಲೆ. ಅಂಥವರಿಗೆ ನಮ್ಮ ಉತ್ತರ ದೇವಕಣಗಿಲೆ. ಅದು ಮ್ಯಾಗ್ನೋಲಿಯಾ ಬಳಗದ್ದಲ್ಲ, ಅಮೆರಿಕ ಖಂಡದಿಂದ ಬಂದು ನಮ್ಮ ಗುಡಿಯ ಅಂಗಳಗಳಲ್ಲಿ ನೆಲೆಯೂರಿದ ಗಿಡ. ಆದರೆ ಎರಡರ ನಡುವೆ ಒಂದು ಹೆಸರಿನ ನಂಟಿದೆ. ಫ್ರಾನ್ಸಿನ ಷಾರ್ಲ್ ಪ್ಲೂಮಿಯೆ ಎಂಬ ಸಂನ್ಯಾಸಿ, ಸಸ್ಯಶಾಸ್ತ್ರಜ್ಞ, ಮಾಂಪೆಲ್ಲಿಯೆ ನಗರದ ಪಂಡಿತ ಪಿಯೆರ್ ಮ್ಯಾಗ್ನೋಲನ ಗೌರವಕ್ಕಾಗಿ 1703ರಲ್ಲಿ ಒಂದು ಮರಕ್ಕೆ ಮ್ಯಾಗ್ನೋಲಿಯಾ ಎಂದು ಹೆಸರಿಟ್ಟನು. ಆ ಪ್ಲೂಮಿಯೆಯ ಗೌರವಕ್ಕಾಗಿ ದೇವಕಣಗಿಲೆಗೆ ಪ್ಲುಮೇರಿಯಾ ಎಂಬ ಹೆಸರು ಬಂದಿತು. ಒಬ್ಬ ವಿದ್ವಾಂಸ, ಅವನಿಗೆ ಗೌರವ ಸಲ್ಲಿಸಿದ ಇನ್ನೊಬ್ಬ ವಿದ್ವಾಂಸ, ಈ ಇಬ್ಬರ ಹೆಸರಿನ ಎರಡು ಗಿಡಗಳು ಒಂದೇ ಅಂಗಳದಲ್ಲಿ ನಿಲ್ಲಬಹುದೆಂಬ ಯೋಚನೆಯೇ ನನಗೆ ಬಹಳ ಹಿತವೆನಿಸುತ್ತದೆ.

ಜಪಾನಿನ ಗಿಡ ಚಳಿಗೆ ಎಲೆ ಉದುರಿಸಿದರೆ ಇದು ಒಣಹವೆಗೆ ಉದುರಿಸುತ್ತದೆ. ನಮ್ಮ ಸೀಮೆಯಲ್ಲಿ ಚಳಿಗಿಂತ ಒಣಹವೆಯೇ ಖಾತ್ರಿ. ಯುಗಾದಿಯ ಹೊತ್ತಿಗೆ ಬೋಳು ಕೊಂಬೆಯ ತುದಿಗಳಲ್ಲಿ ಗೊಂಚಲು ಹೂ ಬರುತ್ತದೆ. ಸಂಪಿಗೆಯಷ್ಟು ಎತ್ತರಕ್ಕೆ ಏರುವುದಿಲ್ಲ. ಸುಣ್ಣದ ಮಣ್ಣಾದರೂ ತಾಳುತ್ತದೆ, ನೀರು ನಿಲ್ಲಬಾರದು ಅಷ್ಟೆ. ಗದಗಿನ ಕಡೆಯ ಗೆಳೆಯರಿಗೆ ಸಂಪಿಗೆಗಿಂತ ಇದನ್ನೇ ನಾನು ಮೊದಲು ಹೇಳುತ್ತೇನೆ. ಬೇಸಿಗೆಯಲ್ಲಿ ಮೊಳಕೈಯುದ್ದದ ಬಲಿತ ಕೊಂಬೆ ಕಡಿದು, ಗಾಯದ ಹಾಲು ಒಣಗಿ ಮುಚ್ಚುವವರೆಗೆ ಎಂಟು ಹತ್ತು ದಿನ ನೆರಳಲ್ಲಿ ಒರಗಿಸಿಟ್ಟು, ಆಮೇಲೆ ಮರಳು ಬೆರೆಸಿದ ಮಣ್ಣಿನಲ್ಲಿ ನೆಡಬೇಕು. ಕಡಿದ ದಿನವೇ ನೆಟ್ಟು ನೀರು ಹಾಕಿದವರ ಕೊಂಬೆ ಬುಡದಿಂದ ಕೊಳೆಯುತ್ತದೆ. ಮಳೆಗಾಲದ ಕೊನೆಗೆ ಎಲೆಯ ಕೆಳಗೆ ಅರಿಸಿನದಂಥ ಪುಡಿ ಕಂಡರೆ ಅದು ತುಕ್ಕು ರೋಗ. ಉದುರಿದ ಎಲೆಗಳನ್ನು ಗುಡಿಸಿ ದೂರ ಸಾಗಿಸಬೇಕು. ಹಾಲು ಕಣ್ಣಿಗೆ ತಾಗದಂತೆ ಎಚ್ಚರವಿರಲಿ. ಬೇಸಿಗೆಯಲ್ಲಿ ಬೋಳಾಗಿ ನಿಂತ ಗಿಡ ಸತ್ತಿತೆಂದು ಕಿತ್ತೆಸೆದವರನ್ನು ನಾನು ಬಲ್ಲೆ. ತೊಗಟೆಯನ್ನು ಉಗುರಿನಿಂದ ಗೀರಿದರೆ ಒಳಗೆ ಹಸಿರು ಕಾಣುತ್ತದೆ, ಹಾಲು ಒಸರುತ್ತದೆ.

ದಂಪತಿಗಳು ಎರಡನ್ನೂ ಹಚ್ಚುವುದೆಂದು ನಿಶ್ಚಯಿಸಿದ್ದಾರೆ: ಮುಂಬಾಗಿಲ ಪಕ್ಕದಲ್ಲಿ ದೇವಕಣಗಿಲೆ, ಮೂಡಣದ ಮೂಲೆಯಲ್ಲಿ ಬಿಳಿ ಸಂಪಿಗೆಯ ಕಸಿ. ಗಿಲಾವಿನ ಚೂರು ತೆಗೆದ ಜಾಗದಲ್ಲಿ ಕಳೆದ ವಾರ ಒಂದು ಟ್ರ್ಯಾಲಿ ಕೆಂಪು ಮಣ್ಣು ಬಂದು ಬಿದ್ದಿದೆ. ನಿಮ್ಮಲ್ಲಿ ಯಾರಾದರೂ ಈ ವರ್ಷ ನೆಡುವುದಾದರೆ ಈಗ ಸಸಿ ತರಲು ಓಡಬೇಡಿರಿ, ಮೊದಲು ದಿಬ್ಬ ಕಟ್ಟಿರಿ. ರೋಹಿಣಿ, ಮೃಗಶಿರಾ ಮಳೆಗಳಿಗೆ ಹೊಸ ಮಣ್ಣು ಅರ್ಧ ಅಡಿಯಾದರೂ ಕುಸಿದು ಕೂರುತ್ತದೆ; ಕುಸಿದಷ್ಟು ಮಣ್ಣನ್ನು ಮತ್ತೆ ಏರಿಸಿ, ಆರಿದ್ರಾ ಮಳೆಯ ಒಂದು ಸಂಜೆ, ಚೀಲದ ಮಣ್ಣಿನ ಗಡ್ಡೆ ಒಡೆಯದಂತೆ ಪ್ಲಾಸ್ಟಿಕ್ಕನ್ನು ಬ್ಲೇಡಿನಿಂದ ಸೀಳಿ, ಚೀಲದಲ್ಲಿ ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳಕ್ಕೆ ಗಿಡವನ್ನು ಇಳಿಸಿರಿ.